ಒಬ್ಬರಿಗೊಂದೇ ಸಂಖ್ಯೆ

ಒಂದೇ ಹೆಸರು ಹಲವರಿಗೆ ಇರಬಹುದು. ಆದರೆ ಒಂದೇ ಗುರುತಿನ ಸಂಖ್ಯೆ ಇಬ್ಬರಿಗೆ ಇರಲಾಗದು. ಶಾಲೆಯ ದಾಖಲಾತಿ ಪುಸ್ತಕದಿಂದ ಬ್ಯಾಂಕಿನ ಖಾತೆಯವರೆಗೆ ಎಲ್ಲ ವ್ಯವಹಾರಕ್ಕೂ ಈ ನಿಯಮವೇ ಆಧಾರ. ಇಂದು ಇಂತಹ ಸಂಖ್ಯೆಗಳನ್ನು ನೀಡುವ ಹೊಣೆ ಗಣಕಯಂತ್ರದ್ದು.

ಗಣಕದ ಒಂದೇ ತಂತ್ರಾಂಶದೊಳಗೆ ಹಲವು ಕಾರ್ಯಧಾರೆಗಳು ಏಕಕಾಲದಲ್ಲಿ ನಡೆಯಬಲ್ಲವು. ಇವುಗಳಿಗೆ ‘ಥ್ರೆಡ್’ಗಳೆಂದು ಹೆಸರು. ಹೊಸ ಸಂಖ್ಯೆ ಬೇಕಾದಾಗ ಥ್ರೆಡ್ ಮೂರು ಹೆಜ್ಜೆಗಳನ್ನಿಡುತ್ತದೆ: ಕೊನೆಯ ಸಂಖ್ಯೆಯನ್ನು ಓದುವುದು, ಒಂದನ್ನು ಕೂಡುವುದು, ಮೊತ್ತವನ್ನು ಬರೆದಿಡುವುದು. ಇಬ್ಬರು ಗ್ರಾಹಕರು ಒಂದೇ ಗಳಿಗೆಯಲ್ಲಿ ಖಾತೆ ತೆರೆಯಬಯಸಿದರೆನ್ನಿ. ಒಂದು ಥ್ರೆಡ್ 57ನ್ನು ಓದಿ 58ನ್ನು ಬರೆದಿಡುವ ಮೊದಲೇ ಇನ್ನೊಂದು ಥ್ರೆಡ್ ಸಹ 57ನ್ನೇ ಓದಿದರೆ, ಇಬ್ಬರಿಗೂ 58 ದೊರೆಯುತ್ತದೆ. ಆಗ ಒಬ್ಬನ ದುಡಿಮೆಯ ಹಣ ಮತ್ತೊಬ್ಬನ ಲೆಕ್ಕಕ್ಕೆ ಸೇರಬಹುದು. ಅಪರೂಪಕ್ಕೊಮ್ಮೆ ಘಟಿಸುವ ಈ ದೋಷ ಪರೀಕ್ಷೆಯಲ್ಲಿ ಸುಲಭವಾಗಿ ಕಾಣಿಸಿಕೊಳ್ಳದು.

ಇದಕ್ಕೆ ಪರಿಹಾರವೆಂದರೆ ಬೀಗ. ಒಂದು ಥ್ರೆಡ್ ಮೂರೂ ಹೆಜ್ಜೆಗಳನ್ನು ಮುಗಿಸುವವರೆಗೆ ಮತ್ತೊಂದು ಹೊರಗೆ ಕಾಯಬೇಕು. ಇಂತಹ ಪರಸ್ಪರ ತಡೆಯ ಸಮಸ್ಯೆಗೆ ನೆದರ್‌ಲ್ಯಾಂಡ್ಸಿನ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಲ್ಲಿ ಒಂದು ಉತ್ತರವನ್ನು ಪ್ರಕಟಿಸಿದರು. ಮೂರು ಹೆಜ್ಜೆಗಳನ್ನೂ ಒಡೆಯಲಾಗದ ಒಂದೇ ಹೆಜ್ಜೆಯಾಗಿಸುವ ಆದೇಶಗಳು ಇಂದಿನ ಗಣಕಗಳಲ್ಲಿವೆ.

ಯಂತ್ರಗಳೇ ಹಲವಿದ್ದರೆ ಎಲ್ಲವೂ ಒಂದೇ ಬೀಗದ ಮುಂದೆ ಕಾಯುವುದು ಕಷ್ಟ. 2010ರಲ್ಲಿ ಟ್ವಿಟರ್ ಸಂಸ್ಥೆ ಪ್ರಕಟಿಸಿದ ‘ಸ್ನೋಫ್ಲೇಕ್’ ವಿಧಾನದಲ್ಲಿ 64 ದ್ವಿಮಾನ ಅಂಕಗಳ ಪೈಕಿ 41 ಕಾಲಕ್ಕೆ, 10 ಯಂತ್ರದ ಗುರುತಿಗೆ, 12 ಕ್ರಮಸಂಖ್ಯೆಗೆ ಮೀಸಲು. ಹೀಗಾಗಿ ಪ್ರತಿಯೊಂದು ಯಂತ್ರವೂ ಇತರರನ್ನು ಕೇಳದೆ ಮಿಲಿಸೆಕೆಂಡಿಗೆ 4,096 ಸಂಖ್ಯೆಗಳನ್ನು ಕೊಡಬಲ್ಲದು. ಆದರೂ ಯಂತ್ರದೊಳಗಿನ ಥ್ರೆಡ್‌ಗಳು ಸರದಿಯನ್ನು ಪಾಲಿಸಲೇಬೇಕು. ವೇಗವೆಷ್ಟೇ ಹೆಚ್ಚಲಿ, ಸರದಿ ತಪ್ಪಿದಲ್ಲಿ ಲೆಕ್ಕವೂ ತಪ್ಪುತ್ತದೆ.