ತೋಟ ಅಡವಿಡದೆ ಆಸ್ಪತ್ರೆಗೆ

ಬರಕ್ಕೆ ಜಗ್ಗದ ತೋಟವೂ ಒಂದು ಆಪರೇಷನ್ನಿನ ಸಾಲಕ್ಕೆ ಕೈಬಿಟ್ಟು ಹೋಗುವುದುಂಟು. ಆದುದರಿಂದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸದಸ್ಯ ಬಾಂಧವರಲ್ಲಿ ನಮ್ಮ ಕೆಲವು ಮಾತು.

ಸಹಕಾರಿಗಳಿಗೆಂದೇ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2023ರ ಜನವರಿಯಲ್ಲಿ ಮರಳಿ ಬಂದಿತು. ಆಗ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ವರ ಕುಟುಂಬಕ್ಕೆ ವಂತಿಗೆ ರೂ. 500, ಹೆಚ್ಚಿನ ತಲೆಯೊಂದಕ್ಕೆ ರೂ. 100 ಎಂದು ಗೊತ್ತುಪಡಿಸಲಾಯಿತು. ಕುಟುಂಬಕ್ಕೆ ವರ್ಷದ ಮಿತಿ ರೂ. 5 ಲಕ್ಷ.

ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆಯುಂಟು. ಎ.ಪಿ.ಎಲ್.ನವರಿಗೆ ನಿಗದಿತ ದರದ ಶೇ. 30 ಮಾತ್ರ, ಅದೂ ರೂ. 1.5 ಲಕ್ಷದ ಮಿತಿಯೊಳಗೆ, ಉಳಿದುದು ಕೈಯಿಂದಲೇ. ಇಂಥವರು ಯಶಸ್ವಿನಿಯನ್ನು ಬಿಡಬಾರದೆಂಬುದು ನಮ್ಮ ಸಲಹೆ.

ಆದರೆ ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. ಸಕ್ಕರೆ ಕಾಯಿಲೆಯ ನಿತ್ಯದ ಮಾತ್ರೆ, ಬಸ್ ಚಾರ್ಜು, ತಪ್ಪಿದ ಕೂಲಿ ಅದರಲ್ಲಿ ಸೇರವು. ಅವಕ್ಕಾಗಿ ಅಡಿಕೆ ಮಾರಿದ ದಿನವೇ ಉಳಿತಾಯ ಖಾತೆಯಲ್ಲಿ ಒಂದಿಷ್ಟು ಬೇರೆ ಇಡುವುದು ಲೇಸು. ದೊಡ್ಡ ಪೆಟ್ಟಿಗೆ ವಿಮೆ, ಸಣ್ಣ ಖರ್ಚಿಗೆ ಉಳಿತಾಯ.

ನೋಂದಣಿಗೆ ಗೊತ್ತಾದ ಅವಧಿಯುಂಟು. ಈ ಸಾಲಿನ ದಿನಾಂಕ, ವಂತಿಗೆ, ಹತ್ತಿರದ ನೆಟ್‌ವರ್ಕ್ ಆಸ್ಪತ್ರೆ ಯಾವುದೆಂದು ಸಂಘದ ಕಾರ್ಯದರ್ಶಿಯವರಲ್ಲಿ ಈಗಲೇ ವಿಚಾರಿಸಿಕೊಳ್ಳಿ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ.