ವಿಮೆಯಿಲ್ಲದ ಆಸ್ಪತ್ರೆ ಬಿಲ್ಲು ಮತ್ತು ವ್ಯಾಪಾರಿಯ ಲೆಕ್ಕಪುಸ್ತಕ

ಆರೋಗ್ಯ ವಿಮೆ ಮಾಡಿಸದವರಿಗೆ ನಮ್ಮ ದೇಶದಲ್ಲಿ ತೆರಿಗೆ ದಂಡವಿಲ್ಲ. ಅಮೆರಿಕದ ಕೇಂದ್ರ ಸರಕಾರ 2014ರಿಂದ ಅಂಥ ದಂಡ ವಿಧಿಸುತ್ತಿತ್ತು. 2019ರಿಂದ ಅಲ್ಲಿಯೂ ಅದು ಶೂನ್ಯವಾಯಿತು. ಹಾಗೆಂದ ಮಾತ್ರಕ್ಕೆ ವಿಮೆಯಿಲ್ಲದಿರುವುದು ತೆರಿಗೆಯ ದೃಷ್ಟಿಯಿಂದ ನಿರಪಾಯಕಾರಿಯೆಂದು ಸದಸ್ಯ ಬಾಂಧವರು ಭಾವಿಸಬಾರದು.

ಕೊರ್ಲಹಳ್ಳಿಯ ವ್ಯಾಪಾರಸ್ಥರೊಬ್ಬರಿಗೆ ಹೃದಯಾಘಾತವಾಗಿ ಹುಬ್ಬಳ್ಳಿಯಲ್ಲಿ ರೂ. 4 ಲಕ್ಷ ಬಿಲ್ಲಾಯಿತೆಂದು ಊಹಿಸಿಕೊಳ್ಳೋಣ. ಮುಂಡರಗಿಯ ದಲಾಲರಿಂದ ಒಂದು ಲಕ್ಷ, ಬೀಗರಿಂದ ಒಂದು ಲಕ್ಷ ನಗದು ಕೈಗಡ. ಉಳಿದದ್ದು ಅಂಗಡಿಯ ಓ.ಡಿ. ಖಾತೆಯಿಂದ. ನಮ್ಮ ಕಡೆ ನಡೆಯುವುದೇ ಹೀಗೆ.

1961ರ ಕಾಯ್ದೆಯ 269ಎಸ್‌ಎಸ್ ಕಲಂ ಎಂದು ನಮಗೆಲ್ಲ ಪರಿಚಿತವಾದ ನಿಯಮದ ಪ್ರಕಾರ ರೂ. 20,000 ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಕೂಡದು. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೀಗರೆಂಬ ವಿನಾಯಿತಿ ಕಾನೂನಿನಲ್ಲಿಲ್ಲ. ಜೀವ ಉಳಿಸುವ ತುರ್ತನ್ನು ಸಕಾರಣವೆಂದು ದಾಖಲೆಸಹಿತ ವಾದಿಸಬಹುದು. ಆದರೆ ಆರು ತಿಂಗಳ ನಂತರ ಅದೇ ಹಣವನ್ನು ನಗದಾಗಿ ಮರಳಿಸಿದರೆ, ಆಗ ಯಾವ ತುರ್ತಿತ್ತೆಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಮರುಪಾವತಿಗೂ ಇದೇ ನಿರ್ಬಂಧವುಂಟು. 2025ರ ಹೊಸ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿದೆ, ನಿಯಮವಲ್ಲ.

ಆಸ್ಪತ್ರೆಯೂ ರೂ. 2 ಲಕ್ಷ ಅಥವಾ ಹೆಚ್ಚು ನಗದು ಸ್ವೀಕರಿಸುವಂತಿಲ್ಲ. ಕೋವಿಡ್ ಚಿಕಿತ್ಸೆಗೆ 2021ರ ಏಪ್ರಿಲ್, ಮೇ ತಿಂಗಳುಗಳ ಮಟ್ಟಿಗೆ ಸಡಿಲಿಕೆಯಿತ್ತು, ಅಷ್ಟೆ.

ಓ.ಡಿ.ಯಿಂದ ತೆಗೆದ ಎರಡು ಲಕ್ಷ ಮಾಲೀಕರ ಸ್ವಂತ ಖರ್ಚು. ಶೇ. 12ರಂತೆ ವರ್ಷಕ್ಕೆ ರೂ. 24,000 ಬಡ್ಡಿಯಾದರೆ ಅದನ್ನು ವ್ಯಾಪಾರದ ಖರ್ಚೆಂದು ಕಳೆಯಲಾಗದು. ಬಹುತೇಕ ಪುಸ್ತಕಗಳಲ್ಲಿ ಇದನ್ನು ಬೇರ್ಪಡಿಸಿರುವುದೇ ಇಲ್ಲ.

ಇನ್ನು 80ಡಿ ಎಂದು ರೂಢಿಯಾದ ಕಡಿತ. ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಲಭ್ಯ. ಅರವತ್ತು ತುಂಬದವರಿಗೆ ಪ್ರೀಮಿಯಂ ಮೇಲೆ ರೂ. 25,000ದವರೆಗೆ ಕಡಿತವಿದ್ದು, ವಿಮೆಯಿಲ್ಲದಿದ್ದರೆ ಆಸ್ಪತ್ರೆ ಖರ್ಚಿಗೆ ಆ ಸೌಲಭ್ಯವಿಲ್ಲ. ಅರವತ್ತು ದಾಟಿದ ತಂದೆ-ತಾಯಿಗೆ ವಿಮೆಯಿಲ್ಲದಿದ್ದರೆ ಮಾತ್ರ, ಮಕ್ಕಳು ಭರಿಸಿದ ವೈದ್ಯಕೀಯ ಖರ್ಚು ರೂ. 50,000ದವರೆಗೆ ಕಡಿತಕ್ಕೆ ಅರ್ಹ. ಚೆಕ್ ಅಥವಾ ಬ್ಯಾಂಕ್ ಮೂಲಕ ಪಾವತಿಸಿರಬೇಕು. ಔಷಧ ಅಂಗಡಿಗೆ ನಗದು ಕೊಟ್ಟು ತಂದ ರಸೀದಿಗಳ ಕಟ್ಟು ಇಲ್ಲಿ ಕೆಲಸಕ್ಕೆ ಬಾರದು.

ವೈಯಕ್ತಿಕ ಪಾಲಿಸಿಯ ಮೇಲಿದ್ದ ಶೇ. 18 ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ನೌಕರರ ಗುಂಪು ವಿಮೆಗೆ ಈ ರಿಯಾಯಿತಿ ಸಿಕ್ಕಿಲ್ಲ. ಆದರೆ ಇ.ಎಸ್.ಐ. ವ್ಯಾಪ್ತಿಗೆ ಬಾರದ, ಹತ್ತಕ್ಕಿಂತ ಕಡಿಮೆ ಕೆಲಸಗಾರರ ಘಟಕವು ಅನುಮೋದಿತ ಯೋಜನೆಯಡಿ ನಗದಲ್ಲದ ರೀತಿಯಲ್ಲಿ ಕಟ್ಟಿದ ಪ್ರೀಮಿಯಂ ವ್ಯಾಪಾರದ ಖರ್ಚೇ ಆಗಿದ್ದು, ಹೊಸ ಪದ್ಧತಿಯಲ್ಲಿಯೂ ಲಾಭದಿಂದ ಕಳೆಯಬಹುದು. ಮಾಲೀಕರು ಮತ್ತು ಪಾಲುದಾರರು ನೌಕರರಲ್ಲವಾದ್ದರಿಂದ ಅವರ ಪಾಲಿನ ಪ್ರೀಮಿಯಂ ಇದರಲ್ಲಿ ಸೇರದು.