ಬದುವನ್ನು ಮೀರಿದ ನೀರು

ಗದ್ದೆಯ ಬೇಸಾಯವನ್ನು ಕಂಡವರೆಲ್ಲರೂ ಬದುವಿನ ಬೆಲೆಯನ್ನು ಬಲ್ಲರು. ಒಂದು ಮಡಿಗೆ ಹಿಡಿಸುವುದಕ್ಕಿಂತ ಹೆಚ್ಚು ನೀರನ್ನು ಹರಿಯಬಿಟ್ಟರೆ, ಅದು ಬದುವನ್ನು ಮೀರಿ ನೆರೆಯ ಮಡಿಯ ಪೈರನ್ನು ಕೆಡಿಸುವುದು. ಗಣಕಯಂತ್ರದ ಸ್ಮೃತಿಯೂ ಇಂತಹ ಮಡಿಗಳ ಒಂದು ಬಯಲೇ ಸರಿ. ಪ್ರತಿಯೊಂದು ಕೆಲಸಕ್ಕೂ ಅಲ್ಲಿ ಇಂತಿಷ್ಟು ಬೈಟ್‌ಗಳ ಜಾಗವನ್ನು ಅಳೆದು ಕೊಟ್ಟಿರುವುದು. ಆ ಅಳತೆಯನ್ನು ಮೀರಿ ಬರೆದರೆ ಪಕ್ಕದ ಬರಹ ಅಳಿದು, ಅನ್ಯ ಬರಹವು ಅದರ ಸ್ಥಾನದಲ್ಲಿ ಕೂರುವುದು. ಕುಶಲನಾದ ದುಷ್ಟನೊಬ್ಬನು ಆ ಬರಹವನ್ನು ತನಗೆ ಬೇಕಾದಂತೆ ಹೆಣೆದು ಕಳುಹಿಸಿದರೆ, ಯಂತ್ರವು ಒಡೆಯನನ್ನು ಬಿಟ್ಟು ಅವನ ಆಜ್ಞೆಯನ್ನು ಪಾಲಿಸತೊಡಗಬಹುದು.

2023ರ ಸೆಪ್ಟೆಂಬರ್ 30ರಂದು ಇಂತಹುದೇ ಒಂದು ದೋಷವು ‘ಕರ್ಲ್’ ಎಂಬ ಮುಕ್ತ ತಂತ್ರಾಂಶದ ಕರ್ತೃಗಳ ಗಮನಕ್ಕೆ ಬಂದಿತು. ದೋಷಕ್ಕಿಂತಲೂ ಅದನ್ನು ಅವರು ನಿರ್ವಹಿಸಿದ ರೀತಿಯೇ ನಾವು ತಿಳಿಯತಕ್ಕ ವಿಷಯ.

ಕರ್ಲ್ ಎಂದರೇನು?

ಅಂತರ್ಜಾಲದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಮಾಹಿತಿಯನ್ನು ಸಾಗಿಸುವ ಕೂಲಿಯಾಳು ಇದು. ಸ್ವೀಡನ್ ದೇಶದ ಡೇನಿಯಲ್ ಸ್ಟೆನ್‌ಬರ್ಗ್ ಇದನ್ನು ಈ ಹೆಸರಿನಲ್ಲಿ 1998ರಲ್ಲಿ ಹೊರತಂದರು. ಇದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಮ್ಮ ಯಂತ್ರಗಳಲ್ಲಿ ಉಚಿತವಾಗಿ ಬಳಸಬಹುದು. ಆದಕಾರಣ ಮೊಬೈಲ್‌ನಲ್ಲಿ, ಕಾರಿನಲ್ಲಿ, ದೂರದರ್ಶನ ಯಂತ್ರದಲ್ಲಿ ಇದು ಕಣ್ಣಿಗೆ ಕಾಣದೆ ನೆಲಸಿದೆ. ಇಂತಹ ನೆಲೆಗಳು ಎರಡು ಸಾವಿರ ಕೋಟಿಗೂ ಮಿಕ್ಕಿವೆಯೆಂದು ಸ್ಟೆನ್‌ಬರ್ಗ್ ಅಂದಾಜು ಮಾಡಿದ್ದಾರೆ.

ದೋಷದ ಸ್ವರೂಪ

ಕೆಲವರು ಜಾಲತಾಣವನ್ನು ನೇರವಾಗಿ ಸೇರದೆ, ನಡುವಣ ಪ್ರತಿನಿಧಿ ಯಂತ್ರವೊಂದರ ಮೂಲಕ ಸೇರುವುದುಂಟು. ‘ಸಾಕ್ಸ್ 5’ ಎಂಬುದು ಇದಕ್ಕಾಗಿ ಇರುವ ಒಂದು ನಿಯಮಾವಳಿ. ಅದರಂತೆ ತಾಣದ ಹೆಸರು 255 ಬೈಟ್‌ಗಳನ್ನು ಮೀರುವಂತಿಲ್ಲ. ಹೆಸರು ಅದಕ್ಕಿಂತ ಉದ್ದವಾಗಿದ್ದರೆ, ಪ್ರತಿನಿಧಿಗೆ ಒಪ್ಪಿಸದೆ ತಾನೇ ವಿಳಾಸವನ್ನು ಹುಡುಕುವುದು ಕರ್ಲ್‌ನ ಕ್ರಮವಾಗಿದ್ದಿತು.

2020ರಲ್ಲಿ ಸ್ಟೆನ್‌ಬರ್ಗ್ ಈ ಭಾಗವನ್ನು ತಿದ್ದಿ ಬರೆದರು. ಪ್ರತಿನಿಧಿಯ ಉತ್ತರ ತಡವಾದರೆ ಕಾದು ಕೂರದೆ, ಬೇರೆ ಕೆಲಸ ನೋಡಿ ಮರಳಿ ಬರುವಂತಾಗಲೆಂಬುದು ಅವರ ಉದ್ದೇಶ. ಆದರೆ ‘ಹೆಸರು ಉದ್ದವಾಗಿದೆ, ನಾನೇ ಹುಡುಕಬೇಕು’ ಎಂಬ ನಿರ್ಧಾರವನ್ನು, ಹೊರಹೋಗಿ ಬರುವಷ್ಟರಲ್ಲಿ ಅಳಿದುಹೋಗುವ ಕಡೆ ಬರೆದಿಟ್ಟಿದ್ದಾಯಿತು. ಮರಳಿ ಬಂದ ಕರ್ಲ್ ಹಿಂದಿನ ನಿರ್ಧಾರವನ್ನು ಮರೆತು, ಆ ಉದ್ದವಾದ ಹೆಸರನ್ನು ಹಾಗೆಯೇ ಸ್ಮೃತಿಯ ಒಂದು ಮಡಿಗೆ ಸುರಿಯುತ್ತಿದ್ದಿತು. ಮಡಿ ಸಾಮಾನ್ಯವಾಗಿ 16 ಕಿಲೋಬೈಟ್. ಹೆಸರಾದರೋ 64 ಕಿಲೋಬೈಟ್‌ವರೆಗೂ ಬೆಳೆಯಬಹುದಾಗಿದ್ದಿತು. ಕರ್ಲ್ ಅನ್ನು ಬರೆದಿರುವುದು ‘ಸಿ’ ಭಾಷೆಯಲ್ಲಿ. ಬದುವನ್ನು ಕಾಯುವ ಹೊಣೆಯನ್ನು ಅದು ಬರೆಯುವವನಿಗೇ ಬಿಡುವುದು. ಹೀಗೆ ಮೂರೂವರೆ ವರ್ಷಗಳಿಗೂ ಹೆಚ್ಚು ಕಾಲ ಎಲ್ಲರ ಕಣ್ಣೆದುರಿಗಿದ್ದ ಬಿರುಕು ಯಾರಿಗೂ ಕಾಣಲಿಲ್ಲ.

ಹನ್ನೊಂದು ದಿನಗಳ ಮೌನ

ದೋಷ ತಿಳಿದ ಕೂಡಲೆ ತಿದ್ದಿ ಪ್ರಕಟಿಸಬಾರದೆ ಎಂದು ವಾಚಕರು ಕೇಳಬಹುದು. ತೊಡಕಿರುವುದು ಅಲ್ಲಿಯೇ. ಮುಕ್ತ ತಂತ್ರಾಂಶದಲ್ಲಿ ತಿದ್ದುಪಡಿಯೂ ಮುಕ್ತವೇ. ಯಾವ ಸಾಲು ಬದಲಾಯಿತೆಂದು ನೋಡಿದ ಕಳ್ಳನಿಗೆ ಗೋಡೆಯ ಬಿರುಕೆಲ್ಲಿದೆ ಎಂಬುದು ಕ್ಷಣದಲ್ಲಿ ತಿಳಿಯುವುದು. ಹಾಗೆಂದು ಬಹುಕಾಲ ಬಚ್ಚಿಟ್ಟರೆ, ಅದನ್ನು ಸ್ವತಂತ್ರವಾಗಿ ಕಂಡುಕೊಂಡವನು ನಿಶ್ಚಿಂತೆಯಿಂದ ಕನ್ನ ಹಾಕಬಹುದು.

ಆದ್ದರಿಂದ ಅವರು ನಡುದಾರಿಯನ್ನು ಹಿಡಿದರು. ತಿದ್ದುಪಡಿಯನ್ನು ಗುಟ್ಟಾಗಿ ಸಿದ್ಧಪಡಿಸಿದರು. ಲಿನಕ್ಸ್ ವ್ಯವಸ್ಥೆಯನ್ನು ಹಂಚುವ ಸಂಸ್ಥೆಗಳಿಗೆ ಮುಂಚಿತವಾಗಿ, ಗೋಪ್ಯವಾಗಿ ತಿಳಿಸಿದರು. ಗಂಭೀರವಾದ ದೋಷವೊಂದಕ್ಕೆ ಅಕ್ಟೋಬರ್ 11ರಂದು ಪರಿಹಾರ ಬರುವುದೆಂದು ಸಾರ್ವಜನಿಕರಿಗೆ ಸಾರಿದರು. ಯಾವ ಆವೃತ್ತಿಗಳಲ್ಲಿ ದೋಷವಿದೆಯೆಂಬುದನ್ನು ಮಾತ್ರ ಹೇಳಲಿಲ್ಲ. ಅಷ್ಟರಿಂದಲೇ ಜಾಣರು ಸ್ಥಳವನ್ನು ಊಹಿಸುವರೆಂಬ ಭಯ. ಹೇಳಿದ ದಿನದಂದು 8.4.0 ಆವೃತ್ತಿ ಹೊರಬಂದಿತು. ಪರಿಹಾರವು ಸರಳ: ಹೆಸರು ಮಿತಿಯನ್ನು ಮೀರಿದರೆ ಕೆಲಸವನ್ನು ನಿಲ್ಲಿಸಿ ತಪ್ಪೆಂದು ತಿಳಿಸುವುದು, ಅಷ್ಟೆ. ಪ್ರತಿನಿಧಿ ಯಂತ್ರವನ್ನು ಬಳಸುವವರಿಗೆ ಮಾತ್ರ ತಟ್ಟುವ ದೋಷವಾದುದರಿಂದ, ಜನರು ಹೆದರಿದಷ್ಟು ವ್ಯಾಪಕವಾದ ಅಪಾಯವೇನೂ ಇದ್ದಿರಲಿಲ್ಲ. ದೋಷವನ್ನು ತಿಳಿಸಿದವರಿಗೆ 4660 ಡಾಲರ್ ಬಹುಮಾನವೂ ಸಂದಿತು.

ಒಪ್ಪಿಕೊಂಡ ತಪ್ಪು

ಅದೇ ದಿನ ಸ್ಟೆನ್‌ಬರ್ಗ್ ದೀರ್ಘವಾದ ಲೇಖನವೊಂದನ್ನು ಪ್ರಕಟಿಸಿ, ಈ ತಪ್ಪು ತನ್ನದೇ ಎಂದು ಒಪ್ಪಿಕೊಂಡು, ಅದು ನುಸುಳಿದ ಬಗೆಯನ್ನು ಸಾಲುಸಾಲಾಗಿ ಬಿಡಿಸಿಟ್ಟರು. ಈಗ ಓದಿದರೆ ಕಣ್ಣಿಗೆ ರಾಚುವ ದೋಷವು ಬರೆಯುವಾಗ ಕಾಣಲಿಲ್ಲವಷ್ಟೆ. ಬದುವನ್ನು ತಾವೇ ಕಾಯುವ ರಸ್ಟ್‌ನಂತಹ ಭಾಷೆಗಳಲ್ಲಿ ಬರೆದಿದ್ದರೆ, ಕರ್ಲ್‌ನಲ್ಲಿ ಅದುವರೆಗೆ ಕಂಡ ಸುರಕ್ಷತಾ ದೋಷಗಳಲ್ಲಿ ನೂರಕ್ಕೆ ಸುಮಾರು 40 ಬಹುಶಃ ಹುಟ್ಟುತ್ತಿರಲಿಲ್ಲವೆಂದೂ ಅವರು ಮರೆಮಾಚದೆ ಹೇಳಿದರು. ಆದರೆ ಅಷ್ಟು ದೊಡ್ಡ ಕಟ್ಟಡವನ್ನು ಕೆಡವಿ ಒಮ್ಮೆಗೇ ಕಟ್ಟಲಾಗದು.

ಮೌನವಿರಬೇಕಾದಲ್ಲಿ ಮೌನ, ಮಾತಾಡಬೇಕಾದಲ್ಲಿ ಪೂರ್ಣವಾದ ಮಾತು: ಇದೇ ಈ ಪ್ರಸಂಗದ ಪಾಠ. ಇದರಲ್ಲಿ ನಮ್ಮ ಪಾಲಿನ ಕರ್ತವ್ಯವೂ ಇದೆ. ಪರಿಹಾರ ಪ್ರಕಟವಾದ ದಿನವೇ ಬಿರುಕಿನ ಸುದ್ದಿಯೂ ಕಳ್ಳನಿಗೆ ಮುಟ್ಟುವುದು. ಹೊಸ ಆವೃತ್ತಿ ಬಂದಿದೆಯೆಂದು ನಮ್ಮ ಮೊಬೈಲ್ ಸೂಚಿಸಿದಾಗ ನಾಳೆಗೆಂದು ಮುಂದೂಡುವವನು, ಬಾಗಿಲಿಗೆ ಹೊಸ ಅಗುಳಿ ಬಂದಿದ್ದರೂ ಹಾಕದೆ ಮಲಗಿದವನಂತೆ.